ನನ್ನ ಸಾವಿಗೆ ಅಳುವವರು ಬೇಕಾಗಿದ್ದಾರೆ

ತಾನು ಸತ್ತರೆ ಯಾರು ಯಾರು ಅಳುತ್ತಾರೆ ಎಂಬುದನ್ನು ಮನುಷ್ಯನಾದವನು ಬದುಕಿರುವಾಗ ಪರೀಕ್ಷೆ ಮಾಡಲು ಹೋಗಬಾರದು. ನಾನು ಹೋದೆ. ಎಪ್ಪತ್ತೆಂಟನೇ ಇಸವಿಯ ಬೇಸಗೆಯಲ್ಲಿ ಒಂದು ವಾರ ಅದೇ ಕೆಲಸ ಮಾಡಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನಲ್ಲಿ ಮಾನ ಕಳೆದುಕೊಂಡೆ. ಜನ ಹೇಳುವ ಕಥೆಯಲ್ಲಿ ಒಂದು ಹಕ್ಕಿ ನನ್ನನ್ನು ಕೊಡಚಾದ್ರಿಯವರೆಗೆ ಹೊತ್ತುಕೊಂಡು ಹೋಗಿ ಬಿಟ್ಟು ಬಂದಿದೆ. ಅಷ್ಟು ದೂರವೇನೂ ಹೋಗಲಿಲ್ಲ ಎಂಬುದಾದರೂ ದಾಖಲೆಯಲ್ಲಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಧರ್ಮಪ್ಪ. ಹೊಸನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದಿಲ್ಲ. ಕಚೇರಿಗೂ ಮಾನ ಎಂಬುದಿರುತ್ತದೆ, ನನ್ನದು ಹೋದದ್ದು ಸಾಕು.

ಅವತ್ತು ಒಂದು ಹಳ್ಳಿಯಲ್ಲಿ ಮಹಜರು ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದೆ. ಹಿಂದಿನ ಕ್ಯಾರಿಯರಿನ ಮೇಲೆ ನಮ್ಮ ಜವಾನ ಕನ್ನಪ್ಪ ಕಾಗದಪತ್ರದ ಗಂಟನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದ. ಇಳಿಜಾರು ಶುರುವಾಗುವಲ್ಲಿ, ಮೋರಿಯ ಪಕ್ಕ, ಒಂದು ಎಮ್ಮೆ ಸತ್ತು ಬಿದ್ದಿತ್ತು. ಅದರ ಸುತ್ತ ಏಳೆಂಟು ರಣಹದ್ದುಗಳು. ನಮ್ಮನ್ನು ಕಂಡು ಉಳಿದವೆಲ್ಲ ಬದಿಗೆ ಸರಿದವು. ಒಂದು ಮಾತ್ರ ರಸ್ತೆಯ ನಟ್ಟನಡುವೆ ನಿಂತೇ ಇತ್ತು. ಬೋಳು ಕತ್ತು, ಗೂನು ಬೆನ್ನು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಿಂದಿತ್ತು. ಹಾರುವ ಮಾತು ಹಾಗಿರಲಿ, ಅದಕ್ಕೆ ಉಸಿರಾಡುವುದೂ ಕಷ್ಟವಾಗಿತ್ತು.

ನಾನು ಬೆಲ್ಲು ಮಾಡಿದೆ. ಸರ್ಕಾರಿ ಕೆಲಸದ ಮೇಲೆ ಹೋಗುವವರಿಗೆ ಪಶುಪಕ್ಷಿಗಳೂ ದಾರಿ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಹಕ್ಕಿಗೆ ಆ ಸುತ್ತೋಲೆ ತಲುಪಿರಲಿಲ್ಲ. ಅದು ತಿರುಗಿ ನನ್ನನ್ನು ಒಮ್ಮೆ ನೋಡಿ, ನಾನು ಹೋಗುವ ಕಡೆಗೇ ಇಳಿಜಾರಿನಲ್ಲಿ ಓಡಲು ಶುರು ಮಾಡಿತು. ನನ್ನ ಬ್ರೇಕು ಹಿಡಿಯಲಿಲ್ಲ. ಹೀಗಾಗಿ ನಾವಿಬ್ಬರೂ ಸುಮಾರು ಅರ್ಧ ಫರ್ಲಾಂಗು ಜೊತೆಜೊತೆಯಾಗಿ ಓಡಿದೆವು. ಕೊನೆಗೆ ಅದು ರೆಕ್ಕೆ ಬಿಚ್ಚಿತು. ಒಂದೊಂದು ರೆಕ್ಕೆಯೂ ಮಳೆಗಾಲದಲ್ಲಿ ತಲೆ ಬೆನ್ನಿಗೆ ಹೊದೆಯುವ ಗೊರಬಿನಷ್ಟಿತ್ತು. ಎಡಗಡೆಯ ರೆಕ್ಕೆ ಛಟೀರ್ ಎಂದು ನನ್ನ ನೆತ್ತಿಗೆ ಬಡಿಯಿತು. ಹಕ್ಕಿ ಮೇಲೆ ಹೋಯಿತು, ನಾನು ಚರಂಡಿಗೆ ಹೋದೆ.

ಎದ್ದು ನೋಡಿದರೆ ಕನ್ನಪ್ಪ ರಸ್ತೆಯಲ್ಲಿ ನಿಂತು ನನ್ನ ತಲೆಯನ್ನೇ ದಿಟ್ಟಿಸುತ್ತಿದ್ದಾನೆ. ಕಾಲು ಮುರಿಯಿತೇ, ಕೈ ಮುರಿಯಿತೇ ಎಂದು ಕೇಳಲಿಲ್ಲ.

"ಅಯ್ಯಾ, ತಲೆಗೇ ಬಡೀತು" ಎಂದ.

"ಬಡೀಲಿ ಬಿಡು."

"ಕಾಗೆ ಬಡಿದ್ರೇ ಉಳಿಯಲ್ಲ ಅಂತಾರೆ. ಇದು ಹೆಣ ತಿನ್ನೋದು, ಅಯ್ಯಾ."

ಯಾರಿಗೂ ಹೇಳಬೇಡ ಎಂದು ಕನ್ನಪ್ಪನಿಂದ ಆಣೆ ಹಾಕಿಸಿಕೊಂಡೆ. ಅದೇ ತಪ್ಪಾದದ್ದು. ಹೇಳು ಎಂದಿದ್ದರೆ ಮರೆತುಬಿಡುತ್ತಿದ್ದ. ಅವನು ಗಂಟಿನೊಂದಿಗೆ ಒಂದು ಮರದ ದಿಮ್ಮಿಯ ಲಾರಿ ಹತ್ತಿ ಮುಂದೆ ಹೋದ. ಸೊಟ್ಟಗಾದ ಚಕ್ರದ ಸೈಕಲ್ಲು ನೂಕಿಕೊಂಡು ನಾನು ಹೊಸನಗರ ಸೇರುವ ಹೊತ್ತಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತವರೆಲ್ಲ ನನ್ನ ನೆತ್ತಿ ನೋಡುತ್ತಿದ್ದರು.

ಕಾಗೆ ಬಡಿಯುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಕಾಗೆ ಬಂದು ತಲೆಗೆ ಬಡಿದರೆ ಅದು ಸಾವಿನ ಸೂಚನೆ. ಅದಕ್ಕೆ ಪರಿಹಾರವೂ ಉಂಟು. ನೆಂಟರೊಬ್ಬರಿಗೆ, ಇಂಥವರು ಸತ್ತರು ಎಂದು ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು. ಆ ಅಳುವಿನಲ್ಲಿ ಕಂಟಕ ಕಳೆಯಿತು ಎಂದು ಲೆಕ್ಕ. ಆಮೇಲೆ, ಸುದ್ದಿ ಸುಳ್ಳು, ಕ್ಷಮಿಸಬೇಕು ಎಂದು ಹೇಳಿ ಕಳಿಸುವುದು.

ಇಂಥ ಸುದ್ದಿಯನ್ನು ನಂಬಿ ನಾನೊಮ್ಮೆ ಕೆಟ್ಟಿದ್ದೆ. ಅರವತ್ತೆಂಟರಲ್ಲಿ ಸಾಗರದಿಂದ ನನ್ನ ದೊಡ್ಡಪ್ಪನ ಮಗ ರಾಮಚಂದ್ರಪ್ಪ ತೀರಿಕೊಂಡನೆಂದು ತಂತಿ ಬಂತು. ಕಚೇರಿಗೆ ರಜೆ ಹಾಕಿ, ಸೇವಂತಿಗೆ ಹಾರ ಕೊಂಡು, ಬಸ್ಸಿನುದ್ದಕ್ಕೂ ಅಳುತ್ತ ಹೋದೆ. ರಾಮಚಂದ್ರಪ್ಪ ಜಗಲಿಯಲ್ಲಿ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಅರ್ಧ ಮುಖಕ್ಕೆ ಸೋಪಿನ ನೊರೆ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು, ನಾನು ತಂದ ಹಾರವನ್ನೇ ಅವನ ಕೊರಳಿಗೆ ಹಾಕಿದರು. ಇನ್ನು ಮೇಲೆ ಯಾರ ಸಾವನ್ನೂ ನಂಬುವುದಿಲ್ಲ ಎಂದು ನಾನು ಅಲ್ಲೇ ಶಪಥ ಮಾಡಿದೆ.

ಆ ಶಪಥವನ್ನು ಪಾಲಿಸಿದ್ದು ಎರಡು ವರ್ಷದ ಮೇಲೆ. ನನ್ನ ಅಕ್ಕ ತುಂಗಮ್ಮನನ್ನು ಅರಳಸುರಳಿಗೆ ಕೊಟ್ಟಿತ್ತು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿ ಶಾಲೆಗೆ ಕಳಿಸಿದವಳು ಅವಳೇ, ಸೈಕಲ್ಲು ಹೊಡೆಯಲು ಕಲಿಸಿದವರು ಅವಳ ಗಂಡ ಮಂಜಯ್ಯ ಭಾವ. ಎಪ್ಪತ್ತರಲ್ಲಿ ಒಂದು ದಿನ ಅರಳಸುರಳಿಯಿಂದ ಆಳು ಬಂದು, "ಮಂಜಯ್ಯೋರು ಹೋದ್ರು, ಬರ್ಬೇಕಂತೆ" ಎಂದ. ನಾನು ನಕ್ಕೆ. "ಕಾಗೆ ಎಲ್ಲಿ ಬಡೀತಂತೆ?" ಎಂದು ಕೇಳಿದೆ. ಅವನು ಬೆಪ್ಪಾಗಿ ನಿಂತ. ಅವನಿಗೆ ಕಾಫಿ ಕುಡಿಸಿ ಕಳಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಭಾವನ ಹೆಸರಿಗೆ ಒಂದು ಕಾರ್ಡೂ ಬರೆದು ಹಾಕಿದೆ: "ಸತ್ತ ಮೇಲೆ ಆರೋಗ್ಯ ಹೇಗಿದೆ? ಊಟ ಸೇರುತ್ತದೆಯೇ?"

ಭಾವ ನಿಜವಾಗಿ ಸತ್ತಿದ್ದರು. ಕಾರ್ಡು ಐದನೆಯ ದಿನ ಮುಟ್ಟಿತಂತೆ. ಅಕ್ಕನಿಗೆ ಓದಲು ಬಾರದು. ನೆಂಟರೆಲ್ಲ ಕೂತಿದ್ದಾಗ ಯಾರೋ ಗಟ್ಟಿಯಾಗಿ ಓದಿ ಹೇಳಿದರಂತೆ. ಅದು ನನಗೆ ಗೊತ್ತಾದ ದಿನದಿಂದ ಅರಳಸುರಳಿಯ ದಿಕ್ಕಿಗೆ ನಾನು ತಲೆ ಹಾಕಿಯೂ ಮಲಗಿಲ್ಲ. ಅಕ್ಕ ಬೈದು ಕಳಿಸಲಿಲ್ಲ. ಬೈದಿದ್ದರೆ ಹೋಗಿ ಕಾಲು ಹಿಡಿಯುತ್ತಿದ್ದೆ. ಸುಮ್ಮನಿದ್ದಳು. ನಾಚಿಕೆಯಿಂದ ನಾನೂ ಸುಮ್ಮನಿದ್ದೆ. ಹಾಗೆಯೇ ಎಂಟು ವರ್ಷ ಕಳೆಯಿತು.

ಹದ್ದು ಬಡಿದ ಆ ದಿನ ಮನೆಗೆ ಬಂದಾಗ ನನ್ನ ಹೆಂಡತಿ ಶರಾವತಿ ಆಗಲೇ ಅತ್ತು ಮುಗಿಸಿದ್ದಳು. ಪಕ್ಕದ ಮನೆಯ ವಿಶಾಲಾಕ್ಷಮ್ಮನವರು ನಾರಾಯಣಮೂರ್ತಿ ಜೋಯಿಸರನ್ನೇ ಕರೆತಂದು ಜಗಲಿಯಲ್ಲಿ ಕೂರಿಸಿದ್ದರು. ನಾನು ಯಾರಿಗೂ ಮುಖ ಕೊಡದೆ ಒಳಗೆ ಹೋಗಿ ಪೇಪರು ಬಿಡಿಸಿ ಹಿಡಿದೆ. ಕಿವಿ ಮಾತ್ರ ಹೊರಗೇ ಇತ್ತು.

"ಬಡಿದದ್ದು ಕಾಗೆಯೋ, ಗೂಗೆಯೋ?" ಎಂದರು ಜೋಯಿಸರು.

"ಹದ್ದು" ಎಂದಳು ಶರಾವತಿ.

"ಕೋಳಿಮರಿ ಕಚ್ಚಿಕೊಂಡು ಹೋಗುವ ಹದ್ದೇ?"

"ರಣಹದ್ದು ಸ್ವಾಮಿ. ಎಮ್ಮೆ ತಿಂತಾ ಇದ್ದದ್ದು."

ಪೇಪರಿನ ಅಂಚಿನಿಂದ ಇಣುಕಿದರೆ ಜೋಯಿಸರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಳ್ಳುತ್ತಿದ್ದರು. ಬಹಳ ಹೊತ್ತು ಒರೆಸಿದರು.

"ನಾನು ಇಂಥದ್ದನ್ನೆಲ್ಲ ನಂಬೋದಿಲ್ಲ!" ಎಂದು ಒಳಗಿನಿಂದ ಕೂಗಿದೆ.

"ನಂಬೋದು ಬೇಡ ಮಾರಾಯ್ರೆ" ಎಂದರು ಜೋಯಿಸರು. "ಬರುವ ಅಮಾವಾಸ್ಯೆ ಸೂರ್ಯ ಮುಳುಗುವುದರೊಳಗೆ ಬಂಧುಗಳಲ್ಲಿ ಒಬ್ಬರಾದರೂ ನಿಮ್ಮ ಹೆಸರು ಹೇಳಿ ಅಳಬೇಕು. ಹೆಂಡತಿ ಅತ್ತದ್ದು ಲೆಕ್ಕಕ್ಕಿಲ್ಲ, ಅವರಿಗೆ ನೀವು ಬದುಕಿದ್ದೀರಿ ಅಂತ ಗೊತ್ತು. ಗೊತ್ತಿಲ್ಲದವರು ಅಳಬೇಕು. ಮನಸ್ಸಿನಿಂದ ಅಳಬೇಕು."

"ಅರಳಸುರಳಿ ಅತ್ತಿಗೆಗೆ ಹೇಳಿ ಕಳಿಸಿದ್ರೆ?" ಎಂದಳು ಶರಾವತಿ ಮೆಲ್ಲಗೆ. "ಅವ್ರಾದ್ರೆ ಖಂಡಿತ ಅಳ್ತಾರೆ."

ನಾನು ಪೇಪರು ಬಿಸಾಕಿ ಹೊರಗೆ ಬಂದೆ. "ಅಕ್ಕನಿಗೆ ಮಾತ್ರ ಹೇಳಕೂಡದು. ನಾನು ಸತ್ತರೂ ಹೇಳಕೂಡದು" ಎಂದೆ. ಹೇಳಿ ತಿರುಗಿ ಹೋಗುವಾಗ ಬಾಗಿಲಲ್ಲಿ ನಿಂತು, "ಅಮಾವಾಸ್ಯೆ ಯಾವತ್ತು ಅಂದ್ರಿ?" ಎಂದು ಕೇಳಿದೆ.

ಅಮಾವಾಸ್ಯೆಗೆ ಒಂದು ವಾರವಿತ್ತು.

ಮರುದಿನ ತಂತಿ ಕೊಡಲು ಹೋದೆ. ಸಾಗರದ ರಾಮಚಂದ್ರಪ್ಪನಿಗೇ ಎಂದು ತೀರ್ಮಾನಿಸಿದ್ದೆ. ಅವನಿಗಾಗಿ ನಾನು ಬಸ್ಸಿನುದ್ದಕ್ಕೂ ಅತ್ತವನು, ನನಗಾಗಿ ಅವನು ಜಗಲಿಯಲ್ಲಿ ಕೂತಾದರೂ ಅಳಬಹುದು. ಫಾರಂ ತೆಗೆದುಕೊಂಡು, 'ಧರ್ಮಪ್ಪ ಹಠಾತ್ತನೆ ತೀರಿಕೊಂಡರು, ಬೇಗ ಬನ್ನಿ' ಎಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಬರೆದೆ. ಓದಿ ನೋಡಿದಾಗ ನನಗೇ ಕಣ್ಣು ತುಂಬಿತು. ಕೊನೆಯಲ್ಲಿ ಕಳಿಸುವವರ ಹೆಸರು ಬರೆಯುವ ಜಾಗವಿತ್ತು. ಹದಿನೈದು ವರ್ಷ ಗುಮಾಸ್ತಿಕೆ ಮಾಡಿದ ಕೈ, ಕಾಗದದ ಕೊನೆಯಲ್ಲಿ ಖಾಲಿ ಜಾಗ ಕಂಡರೆ ತಾನಾಗಿಯೇ ಸಹಿ ಮಾಡುತ್ತದೆ. 'ಧರ್ಮಪ್ಪ' ಎಂದು ಬರೆದೆ. ತಂತಿ ಹೋಯಿತು.

ನಾಲ್ಕನೆಯ ದಿನ ಉತ್ತರ ಬಂತು. ಅದೂ ಕಾರ್ಡು. ಬಜಾರಿನಲ್ಲಿ ಓದದೆ ಉಳಿದವರು ಯಾರೂ ಇರಲಿಲ್ಲ.

"ಚಿರಂಜೀವಿ ಧರ್ಮಪ್ಪನಿಗೆ ರಾಮಚಂದ್ರಪ್ಪನ ಆಶೀರ್ವಾದಗಳು. ನೀನು ಸತ್ತ ವಿಷಯ ನಿನ್ನ ತಂತಿಯಿಂದಲೇ ತಿಳಿದು ಎಲ್ಲರಿಗೂ ಬಹಳ ಸಂತೋಷವಾಯಿತು. ಅಲ್ಲಿಯೂ ಪೋಸ್ಟಾಫೀಸು ಆಗಿದೆಯೆಂದಾಯಿತು. ಬೇಗ ಬನ್ನಿ ಎಂದು ಬರೆದಿದ್ದೀಯ. ನಮಗೆ ಇಲ್ಲಿ ಸ್ವಲ್ಪ ಕೆಲಸವಿದೆ, ನಿಧಾನವಾಗಿ ಬರುತ್ತೇವೆ. ಕಾಗೆ ಕ್ಷೇಮವೇ? ನಿನ್ನ ಅತ್ತಿಗೆ ಹೂವಮ್ಮ ನಕ್ಕು ನಕ್ಕು ಕಣ್ಣಲ್ಲಿ ನೀರು ಹಾಕಿಕೊಂಡಳು."

ಶರಾವತಿ ಕೊನೆಯ ಸಾಲನ್ನು ಎರಡು ಸಲ ಓದಿಸಿ, ಕಾರ್ಡು ಹಿಡಿದುಕೊಂಡು ಜೋಯಿಸರ ಮನೆಗೆ ಓಡಿದಳು. "ಕಣ್ಣಲ್ಲಿ ನೀರು ಬಂದಿದೆ ಸ್ವಾಮಿ, ನಡೀತದಾ?" ಎಂದು ಕೇಳಿದಳಂತೆ. ನಗುವಿನ ನೀರು ನಡೆಯುವುದಿಲ್ಲ ಎಂದು ಜೋಯಿಸರು ಹೇಳಿದರಂತೆ.

ನಾನು ಕಾರ್ಡನ್ನು ಜೇಬಿಗೆ ಹಾಕಿಕೊಂಡೆ. ಇಂಥದೇ ಒಂದು ಕಾರ್ಡು ಅರಳಸುರಳಿಯಲ್ಲಿ ಯಾರ ಕೈಯಲ್ಲಿತ್ತು, ಯಾರೆದುರಿಗೆ ಓದಿದರು ಎಂಬುದು ನೆನಪಾಗಿ ರಾತ್ರಿ ಅನ್ನ ಸೇರಲಿಲ್ಲ. ಹಸಿವಿಲ್ಲದ್ದನ್ನು ಕಂಡು ಶರಾವತಿ, ಲಕ್ಷಣ ಶುರುವಾಯಿತು ಎಂದು ವಿಶಾಲಾಕ್ಷಮ್ಮನವರಿಗೆ ಹೇಳಿ ಬಂದಳು.

ಕಾಗದದಲ್ಲಿ ಸತ್ತರೆ ಯಾರೂ ನಂಬುವುದಿಲ್ಲ, ಬಾಯಿಮಾತಿನಲ್ಲೇ ಸಾಯಬೇಕು ಎಂದು ನಿಶ್ಚಯವಾಯಿತು. ತೀರ್ಥಹಳ್ಳಿಯಲ್ಲಿ ಶರಾವತಿಯ ಸೋದರಮಾವ ದುಗ್ಗಪ್ಪನವರಿದ್ದಾರೆ, ರಸ್ತೆ ರಿಪೇರಿಯ ಕಂಟ್ರಾಕ್ಟರು. ಅವರಿಗೆ ಸುದ್ದಿ ಮುಟ್ಟಿಸಲು ಕನ್ನಪ್ಪನೇ ತಯಾರಾದ. ಹೇಳಬೇಡ ಎಂದದ್ದನ್ನೇ ಅಷ್ಟು ಚೆನ್ನಾಗಿ ಹೇಳುವವನು, ಹೇಳು ಎಂದರೆ ಬಿಡುತ್ತಾನೆಯೇ? ಹೊರಡುವ ಮೊದಲು ನಮ್ಮ ಹಿತ್ತಿಲಲ್ಲಿ ನಿಂತು, "ನಮ್ಮಯ್ಯ ಹೋದ್ರಲ್ಲಾ" ಎಂದು ನಾಲ್ಕು ಸಲ ಅಭ್ಯಾಸ ಮಾಡಿದ. ನಾಲ್ಕನೆಯ ಸಲ ನನಗೇ ಎದೆ ಝಲ್ಲೆಂದಿತು. ಸಂಜೆ ಬಂದವನು, "ಪೂರ್ತಿ ನಂಬಿದ್ರು ಅಯ್ಯಾ" ಎಂದು ಹೇಳಿ, ನಮ್ಮಲ್ಲಿ ಹೊಟ್ಟೆ ತುಂಬ ಊಟ ಮಾಡಿ ಹೋದ. ಅತ್ತರೇ ಎಂದು ಕೇಳಿದ್ದಕ್ಕೆ, ತಾನೇ ಅಳುತ್ತಿದ್ದುದರಿಂದ ಸರಿಯಾಗಿ ಕಾಣಲಿಲ್ಲ ಎಂದ.

ದುಗ್ಗಪ್ಪನವರು ಅತ್ತರೋ ಇಲ್ಲವೋ ಎಂಬುದು ಮರುದಿನ ಕಚೇರಿಯಲ್ಲಿ ಗೊತ್ತಾಯಿತು. ನಾನು ಫೈಲು ನೋಡುತ್ತ ಕೂತಿದ್ದಾಗ ಹೊಸದಾಗಿ ವರ್ಗವಾಗಿ ಬಂದ ಸಾಹೇಬರು ಗಂಟೆ ಬಾರಿಸಿ ಕರೆದರು. ಹೋಗಿ ನಿಂತೆ. ಸಾಹೇಬರು ತಲೆ ಎತ್ತದೆಯೇ ಒಂದು ಅರ್ಜಿಯನ್ನು ನನ್ನ ಕಡೆಗೆ ತಳ್ಳಿದರು.

"ಇದಕ್ಕೆ ಟಿಪ್ಪಣಿ ಬರೆದು ಪುಟಪ್ ಮಾಡಿ. ಅರ್ಜಿದಾರರು ಹೊರಗೆ ಕಾಯ್ತಿದಾರೆ."

ಅರ್ಜಿ ಹೀಗಿತ್ತು: "ತಮ್ಮ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಧರ್ಮಪ್ಪ ಎಂಬುವರು ರಣಹದ್ದಿನಿಂದ ದೈವಾಧೀನರಾದ ಪ್ರಯುಕ್ತ ತೆರವಾಗಿರುವ ಜಾಗಕ್ಕೆ ನನ್ನ ಮಗನನ್ನು ನೇಮಿಸಿಕೊಳ್ಳಬೇಕಾಗಿ ಪ್ರಾರ್ಥನೆ. ಹುಡುಗ ಎಸ್ಸೆಸ್ಸೆಲ್ಸಿ ಮೂರು ಸಲ ಕೂತು ಅನುಭವವಿದ್ದವನು. ಮೃತರ ಕುರ್ಚಿ ಸರಿಯಿಲ್ಲವೆಂದು ಕೇಳಿದ್ದೇನೆ, ಬೇರೆ ಕುರ್ಚಿ ಮನೆಯಿಂದಲೇ ತರುತ್ತೇವೆ."

"ಸಾರ್, ಇದರಲ್ಲಿ ಒಂದು ಅಡಚಣೆ ಇದೆ" ಎಂದೆ.

"ಏನು ಅಡಚಣೆ?"

"ಧರ್ಮಪ್ಪ ಅಂದ್ರೆ ನಾನೇ."

ಸಾಹೇಬರು ತಲೆ ಎತ್ತಿದರು. ಅಷ್ಟರಲ್ಲಿ ತಡವಾದದ್ದಕ್ಕೆ ಕಾತರರಾಗಿ ದುಗ್ಗಪ್ಪನವರೇ ಒಳಗೆ ಬಂದರು. ನನ್ನನ್ನು ಕಂಡು ಅವರ ಮುಖ ಇಳಿದುಹೋಯಿತು. ಅದು ಹೆದರಿಕೆ ಎಂದು ನಾನು ಮೊದಲು ತಿಳಿದೆ. ಹೆದರಿಕೆಯಲ್ಲ, ಬೇಸರ.

"ಇದೆಂತದಾ ಧರ್ಮಪ್ಪ, ಬದುಕೀಯಾ?" ಎಂದರು. "ಹಿಂಗೆ ಮಾಡದಾ ಮಾರಾಯ? ಹುಡ್ಗ ಹೊಸ ಪ್ಯಾಂಟು ಹೊಲ್ಸಾಕೆ ಹಾಕಿ ಬಂದಾನೆ."

ನಾಚಿಕೆ ಬಿಟ್ಟು ಕೇಳಿದೆ. "ದುಗ್ಗಪ್ಪ ಮಾವ, ಸುದ್ದಿ ಕೇಳಿ ನಿಮಗೆ ಅಳು ಬಂತಾ? ಸ್ವಲ್ಪ?"

"ಅಳಾಕೆ ಹೊತ್ತೆಲ್ಲಿತ್ತು? ಅರ್ಜಿ ಬರ್ಸಬೇಕಿತ್ತು."

ಸಾಹೇಬರು ನಮ್ಮಿಬ್ಬರನ್ನೂ ನೋಡಿ, ಪೆನ್ನು ತೆಗೆದು ನನಗೊಂದು ಮೆಮೊ ಬರೆದರು. ಮೇಲಧಿಕಾರಿಗಳ ಅನುಮತಿ ಪಡೆಯದೆ, ರಜೆಯ ಅರ್ಜಿಯನ್ನೂ ಕೊಡದೆ, ತಾವು ಮೃತರಾಗಿದ್ದೀರೆಂದು ಸಾರ್ವಜನಿಕರಲ್ಲಿ ಪ್ರಚಾರ ಮಾಡಿದ್ದಕ್ಕೆ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು, ಮೂರು ದಿನದೊಳಗೆ ವಿವರಣೆ ಕೊಡತಕ್ಕದ್ದು. ಅದನ್ನು ಟೈಪು ಮಾಡಿ, ನನ್ನ ಹೆಸರಿನ ಕಡತದಲ್ಲಿ ಸೇರಿಸಿ, ಒಂದು ಪ್ರತಿಯನ್ನು ನನಗೆ ನಾನೇ ಕೊಟ್ಟು, ಮುಟ್ಟಿತು ಎಂದು ಸಹಿ ಮಾಡಿದೆ.

ದುಗ್ಗಪ್ಪನವರನ್ನು ಬಸ್ಸಿಗೆ ಬಿಡಲು ಹೋದಾಗ ಅವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಹುಟ್ಟಿತು. "ನಾನೇನು ಕೆಲಸದ ಆಸೆಗೆ ಮಾತ್ರ ಬಂದದ್ದಲ್ಲ" ಎಂದರು. "ನೆಂಟಸ್ತನದ ಕೆಲ್ಸನೂ ಮಾಡೀನಿ. ಅರಳಸುರಳಿ ಬಸ್ಸಿನ ಕಂಡಕ್ಟರು ಅಂಜನಪ್ಪ ಸಿಕ್ಕಿದ್ದ. ನಿನ್ನ ಅಕ್ಕ ತುಂಗಕ್ಕಂಗೆ ಸುದ್ದಿ ಮುಟ್ಸು ಅಂತ ಬೆಳಿಗ್ಗೆನೇ ಹೇಳಿ ಕಳ್ಸೀನಿ. ಅಷ್ಟೂ ಮಾಡದಿದ್ರೆ ಹೆಂಗೆ?"

ನಾನು ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಕೊನೆಯ ಬಸ್ಸು ಅದೇ. ಹತ್ತೋಣವೆಂದರೆ ತೀರ್ಥಹಳ್ಳಿಯಿಂದ ಆಚೆಗೆ ರಾತ್ರಿ ಏನೂ ಸಿಗುವುದಿಲ್ಲ.

ಮನೆಯಲ್ಲಿ ವಿಷಯ ತಿಳಿದು ಶರಾವತಿ ದೇವರ ಮುಂದೆ ದೀಪ ಹಚ್ಚಿದಳು. "ನೀವು ಬ್ಯಾಡ ಅಂದ್ರೂ ದೇವ್ರೇ ಅತ್ತಿಗೆಗೆ ಮುಟ್ಸಿದ. ನಾಳೆ ಅಮಾಸೆ. ಅವ್ರು ಅತ್ರೆ ನಿಮ್ದು ಕಳೀತು" ಎಂದಳು.

"ಬೆಳಿಗ್ಗೆ ಫಸ್ಟ್ ಬಸ್ಸಿಗೆ ನಾನು ಅರಳಸುರಳಿಗೆ ಹೋಗ್ತೀನಿ" ಎಂದೆ.

ವಿಶಾಲಾಕ್ಷಮ್ಮನವರು ಬೇಲಿಯಾಚೆಯಿಂದಲೇ ಕೂಗಿದರು. "ಹೋಗಿ, ಬೇಡ ಅಂದವರು ಯಾರು? ಆದ್ರೆ ಮಧ್ಯಾಹ್ನದ ಬಸ್ಸಿಗೆ ಹೋಗಿ. ಅಷ್ಟರಲ್ಲಿ ಅವರು ಅತ್ತು ಮುಗಿಸಿರ್ತಾರೆ."

ಅವರು ಹೇಳಿದ್ದು ಲೆಕ್ಕಕ್ಕೆ ಸರಿಯೇ ಇತ್ತು. ಒಂದು ವಾರ ಒಂದು ಹನಿ ಕಣ್ಣೀರಿಗಾಗಿ ಮೂರು ತಾಲ್ಲೂಕು ಜಾಲಾಡಿದವನು ನಾನು, ಈಗ ಅದು ತಾನಾಗಿ ಬರುವಾಗ ತಡೆಯಲು ಓಡಬೇಕೇ? ನಾನು ದೊಡ್ಡ ಮನುಷ್ಯನೆಂದು ಹೇಳಿಕೊಳ್ಳುತ್ತಿಲ್ಲ. ಸಾಯುವ ಭಯ ಅವತ್ತೂ ಇತ್ತು, ರಾತ್ರಿಯೆಲ್ಲ ನಾಡಿ ಹಿಡಿದು ನೋಡಿಕೊಂಡಿದ್ದೆ. ಆದರೆ ಅವಳ ಗಂಡ ಸತ್ತಾಗ ನಕ್ಕವನಿಗಾಗಿ ಅವಳು ಎದೆ ಬಡಿದುಕೊಂಡು ಅಳುವುದನ್ನು ನೆನೆಸಿಕೊಂಡರೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತಿತ್ತು. ಅಮಾವಾಸ್ಯೆಯ ದಿನ ಪ್ರಯಾಣ ಬೇಡವೆಂದು ಶರಾವತಿ ಬಾಗಿಲಿಗೆ ಅಡ್ಡ ನಿಂತಳು. ಹಿತ್ತಿಲ ಬಾಗಿಲಿಂದ ಹೋದೆ.

ಬಸ್ಸಿನಲ್ಲಿ ಮುಖಕ್ಕೆ ಟವೆಲು ಸುತ್ತಿಕೊಂಡು ಕೂತೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಕೇಳಿದರು. "ಕೇಳಿದ್ರಾ? ಹೊಸನಗರದಾಗೆ ಒಬ್ಬ ಗುಮಾಸ್ತನ್ನ ಹದ್ದು ಹೊತ್ಕಂಡು ಹೋತಂತೆ. ಮೂಳೆ ಮಾತ್ರ ಸಿಕ್ತಂತೆ."

"ಪಾಪ" ಎಂದೆ. "ಒಳ್ಳೆಯವರಾಗಿದ್ರಂತಾ?"

ಮುದುಕರು ಸ್ವಲ್ಪ ಯೋಚಿಸಿ, "ಅಂಥದ್ದೇನೂ ಕೇಳ್ಲಿಲ್ಲಪ್ಪ" ಎಂದರು.

ಅರಳಸುರಳಿಯಲ್ಲಿ ಇಳಿದು ಅಕ್ಕನ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಹೊತ್ತು ನೆತ್ತಿಗೆ ಬಂದಿತ್ತು. ಬಾಗಿಲಿಗೆ ಚಿಲಕ. ಪಕ್ಕದ ಮನೆಯ ಕೆರಿಯಮ್ಮ ಅಂಗಳ ಗುಡಿಸುತ್ತಿದ್ದವಳು ನನ್ನನ್ನು ನೋಡಿ ಗುರುತು ಹಿಡಿದಳು. ಪೊರಕೆ ಬಿಸಾಕಿ, ಒಳಗೆ ಓಡಿ, ಬಾಗಿಲು ಹಾಕಿಕೊಂಡಳು.

"ಕೆರಿಯಮ್ಮಾ, ನಾನು ಧರ್ಮಪ್ಪ!"

"ಗೊತ್ತಾತು! ಅದ್ಕೇ ಬಾಗ್ಲು ಹಾಕಿದ್ದು!"

"ನಾನು ಸತ್ತಿಲ್ಲ ಮಾರಾಯ್ತಿ."

"ಸತ್ತೋರೆಲ್ಲ ಹಂಗೇ ಅಂತಾರೆ. ಕಾಲು ತೋರ್ಸಿ!"

ದೆವ್ವದ ಪಾದ ಹಿಂದುಮುಂದಾಗಿರುತ್ತದೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ನಾನು ಚಪ್ಪಲಿ ಬಿಚ್ಚಿ, ಬಾಗಿಲ ಕೆಳಗಿನ ಸಂದಿನ ಎದುರು ಒಂದೊಂದೇ ಕಾಲು ಇಟ್ಟು ತೋರಿಸಿದೆ. ಒಳಗಿನಿಂದ ಕೆರಿಯಮ್ಮ ನೆಲಕ್ಕೆ ಕೆನ್ನೆಯಿಟ್ಟು ನೋಡುವ ಸದ್ದು ಕೇಳಿಸಿತು. ತಿರುಗಿಸಿ ಎಂದಳು. ತಿರುಗಿಸಿದೆ. ದಾರಿಯಲ್ಲಿ ಹೋಗುವ ಇಬ್ಬರು ನಿಂತು ನೋಡಿದರು.

"ತುಂಗಕ್ಕ ಬೆಳಿಗ್ಗೆ ಬಸ್ಸಿಗೆ ಹೋದ್ರು" ಎಂದಳು ಬಾಗಿಲು ತೆಗೆಯದೆ. "ನಿಮ್ಮನೆಗೇ. ಸುದ್ದಿ ಕೇಳಿ ಒಂದು ಮಾತೂ ಆಡ್ಲಿಲ್ಲ. ರಾತ್ರಿನೇ ಬಟ್ಟೆ ಗಂಟು ಕಟ್ಟಿ ಕೂತಿದ್ರು."

ದಾರಿಯಲ್ಲಿ ಎಲ್ಲೋ ನಮ್ಮ ಬಸ್ಸುಗಳು ಒಂದನ್ನೊಂದು ದಾಟಿ ಹೋಗಿದ್ದವು. ನಾನು ಟವೆಲು ಸುತ್ತಿಕೊಂಡಿದ್ದೆ.

ವಾಪಸು ಹೊಸನಗರ ಮುಟ್ಟುವಾಗ ಸೂರ್ಯ ಇಳಿಯುತ್ತಿದ್ದ. ಮನೆಯ ಮುಂದೆ ಜನ. ಜಗಲಿಯ ಮೇಲೆ ಜೋಯಿಸರು ಆಗಾಗ ಪಡುವಣ ದಿಕ್ಕು ನೋಡುತ್ತ ಕೂತಿದ್ದರು. ವಿಶಾಲಾಕ್ಷಮ್ಮನವರು ಇದ್ದರು, ಕನ್ನಪ್ಪ ಇದ್ದ. ಕಂಬದ ಬುಡದಲ್ಲಿ ಅಕ್ಕ ಕೂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಪಕ್ಕದಲ್ಲಿ ಒಂದು ಬಟ್ಟೆಯ ಗಂಟು. ಹನ್ನೊಂದು ದಿನ ಉಳಿದುಕೊಳ್ಳುವುದಕ್ಕೆ ಬೇಕಾಗುವಷ್ಟು ದಪ್ಪ ಗಂಟು.

ಶರಾವತಿ ಅವಳ ಎದುರು ಕುಕ್ಕುರುಗಾಲಲ್ಲಿ ಕೂತು ಅಂಗಲಾಚುತ್ತಿದ್ದಳು. "ಅತ್ತಿಗೆ, ನೆನಪು ಮಾಡ್ಕಳಿ. ಬಸ್ಸಲ್ಲಿ ಬರ್ತಾ ಒಂಚೂರಾದ್ರೂ ಅತ್ರಾ?"

"ಇಲ್ಲ ಕಣೆ. ಅಳೂದು ಮುಖ ಕಂಡ ಮ್ಯಾಲೆ ಅಂತ ತಡ್ಕಂಡಿದ್ದೆ" ಎಂದಳು ಅಕ್ಕ.

ಅಷ್ಟರಲ್ಲಿ ನನ್ನನ್ನು ಕಂಡಳು. ಮೇಲಿಂದ ಕೆಳಗೆ ನೋಡಿದಳು.

"ಬಂದ್ಯಾ. ಉಂಡ್ಯೇನಾ?"

ನಾನು ಮೆಟ್ಟಿಲ ಮೇಲೆ ನಿಂತೇ ಇದ್ದೆ. ಎಂಟು ವರ್ಷದಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಇಷ್ಟೇ.

"ಅಕ್ಕಾ, ಅದು ಸುಳ್ಳು ಸುದ್ದಿ."

"ಗೊತ್ತಿತ್ತು" ಎಂದಳು. "ಅಂಜನಪ್ಪ ಹೇಳ್ದಾಗ್ಲೇ ಅಂದ್ಕಂಡೆ, ಎಂತದೋ ಬಡ್ದಿರ್ಬೇಕು ಇವನಿಗೆ ಅಂತ. ಕೇಳ್ದೋರೂ ಅದೇ ಅಂದ್ರು. ಸುಮ್ನೆ ಹೋಗಿ ನಗೆಪಾಟ್ಲು ಆಗ್ಬ್ಯಾಡ ಅಂದ್ರು."

"ಮತ್ತೆ ಯಾಕೆ ಬಂದೆ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಉಪ್ಪು ಹಾಕಿದೆಯಾ ಎಂದು ಕೇಳುವ ಹಾಗೆ ಕೇಳಿದಳು.

"ನಿಜ ಆಗಿದ್ರೆ?"

ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆ. ಆಮೇಲೆ, ನಲವತ್ತು ದಾಟಿದ ಗಂಡಸು, ಹೆಂಡತಿ, ಜೋಯಿಸರು, ಜವಾನ ಎಲ್ಲರ ಎದುರಿಗೆ ಹೋ ಎಂದು ಬಾಯಿ ಬಿಟ್ಟು ಅತ್ತೆ. ಭಾವಾ, ಭಾವಾ ಎಂದು ಕೂಗಿದೆನಂತೆ. ನನಗೆ ನೆನಪಿಲ್ಲ.

ಅಕ್ಕಪಕ್ಕದ ಮನೆಗಳಿಂದ ಜನ ಓಡಿ ಬಂದರು. ಶರಾವತಿ ಗಾಬರಿಯಿಂದ ಪಡುವಣಕ್ಕೆ ಕೈ ತೋರಿಸಿ, "ಸೂರ್ಯ ಇನ್ನೂ ಇದಾನೆ ಸ್ವಾಮಿ! ಇವ್ರೇ ಅಳ್ತಿದಾರೆ, ನಡೀತದಾ?" ಎಂದು ಜೋಯಿಸರನ್ನು ಕೇಳಿದಳು. ಜೋಯಿಸರು ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಕಚೇರಿಯಿಂದ ಮನೆಗೆ ಹೊರಟಿದ್ದ ನಮ್ಮ ಸಾಹೇಬರು ಗುಂಪು ನೋಡಿ ಜೀಪು ನಿಲ್ಲಿಸಿದರು. ಇಳಿದು ಬಂದು, ಅಳುತ್ತಿರುವ ನನ್ನನ್ನೂ ಬಟ್ಟೆಯ ಗಂಟನ್ನೂ ನೋಡಿ, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಈಗ ನಿಜವಾಗಿ ತೀರಿಕೊಂಡದ್ದು ಯಾರಮ್ಮ?" ಎಂದು ಅಕ್ಕನನ್ನು ಕೇಳಿದರು.

ಅಕ್ಕ ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ನಮ್ಮನೆಯವ್ರು, ಸ್ವಾಮಿ" ಎಂದಳು. "ಎಂಟು ವರ್ಷ ಆತು. ಇವನಿಗೆ ಸುದ್ದಿ ಈಗ ಮುಟ್ಟಿತು."